ಯಂತ್ರಕ್ಕೆ ಮೊದಲು ಪ್ರಶ್ನೆ

ಅಡಿಕೆಯ ಕೊಯ್ಲು ಮೊದಲಾಯಿತೆಂದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸುತ್ತಣ ತೋಟಗಳಲ್ಲಿ ದುಡಿಮೆಯೂ ಅಪಾಯವೂ ಒಟ್ಟಿಗೇ ಮರವೇರುತ್ತವೆ. ಮರದಿಂದ ಜಾರಿ ಬಿದ್ದವನು, ದೋಟಿಗೆ ಸಿಕ್ಕಿದ ಗೊನೆ ನೆತ್ತಿಯ ಮೇಲೆ ಎರಗಿದವಳು, ಕೂಲಿಯವರನ್ನು ತುಂಬಿಕೊಂಡು ಹೊರಟ ಗೂಡ್ಸ್ ವಾಹನ ಮಗುಚಿದಾಗ ಹೊರಗೆ ಎಸೆಯಲ್ಪಟ್ಟವರು, ದೀಪಾವಳಿಯ ತರುವಾಯ ಹೊನ್ನಾಳಿ ನ್ಯಾಮತಿಗಳ ಕಡೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ನೆಲಕ್ಕುರುಳಿದವರು, ಭದ್ರಾ ನಾಲೆಯಲ್ಲಿ ನೀರಿಳಿದುದನ್ನು ಅರಿಯದೆ ತಲೆಕೆಳಗಾಗಿ ಧುಮುಕಿದ ಹುಡುಗರು, ಇವರೆಲ್ಲರೂ ಕಡೆಗೆ ಬಂದು ಸೇರುವುದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ. ಅಲ್ಲಿ, ರಕ್ತವನ್ನು ತಡೆದು ಉಸಿರನ್ನು ನೋಡಿಕೊಂಡ ಮೇಲೆ, ವೈದ್ಯನಿಗೆ ಇದಿರಾಗುವ ಪ್ರಶ್ನೆ ಒಂದುಂಟು: ಇವರ ಕತ್ತಿನ ಚಿತ್ರವನ್ನು ತೆಗೆಯಿಸಬೇಕೆ, ಬೇಡವೆ?

ಈ ನಿರ್ಣಯವನ್ನು ವೈದ್ಯನ ಆ ಕ್ಷಣದ ಅಂಜಿಕೆಗಾಗಲಿ, ರೋಗಿಯ ಕಡೆಯವರ ಗದ್ದಲಕ್ಕಾಗಲಿ, ಯಂತ್ರವು ಹತ್ತಿರವಿದೆಯೊ ದೂರವಿದೆಯೊ ಎಂಬ ಅನುಕೂಲಕ್ಕಾಗಲಿ ಬಿಡಬಾರದೆಂಬುದೂ, ಅದನ್ನು ಬರೆದಿಟ್ಟ ಕೆಲವೇ ಪ್ರಶ್ನೆಗಳ ಒಂದು ಕ್ರಮಕ್ಕೆ ಒಪ್ಪಿಸಬೇಕೆಂಬುದೂ, ಆ ಕ್ರಮವನ್ನು ನಮ್ಮ ನೆಲದ ಅಪಘಾತಗಳಿಗೆ ಒಡ್ಡಿ ಪರೀಕ್ಷಿಸಬೇಕೆಂಬುದೂ ಈ ಲೇಖನದ ಅಭಿಪ್ರಾಯ.

ಕತ್ತಿನಲ್ಲಿರುವ ಮೂಳೆಯ ಮಣಿಗಳು ಏಳು. ತಲೆಯ ಭಾರವನ್ನೆಲ್ಲ ಹೊತ್ತು, ಎಲ್ಲ ದಿಕ್ಕಿಗೂ ತಿರುಗಬಲ್ಲ ಸ್ವಾತಂತ್ರ್ಯವನ್ನು ಅದಕ್ಕೆ ಕೊಟ್ಟಿರುವ ಈ ಮಣಿಗಳ ನಡುವಣ ಕಾಲುವೆಯಲ್ಲಿಯೇ ಮೆದುಳಿನಿಂದ ಹೊರಟ ಬೆನ್ನುಹುರಿಯು ಇಳಿಯುತ್ತದೆ. ಉಸಿರಾಟದ ವಪೆಯನ್ನು ಆಡಿಸುವ ನರವು ಹುಟ್ಟುವುದು ಇದರ ಮೂರು, ನಾಲ್ಕು, ಐದನೆಯ ಮಟ್ಟಗಳಲ್ಲಿ; ಕೈಗಳನ್ನು ಆಡಿಸುವ ನರಗಳು ಹೊರಡುವುದು ಅದಕ್ಕೆ ಕೆಳಗೆ. ಆದುದರಿಂದ ಮುರಿದ ಮಣಿಯೊಂದು ಸ್ಥಾನ ತಪ್ಪಿ ಹುರಿಯನ್ನು ಒತ್ತಿತೆಂದರೆ, ಮರವೇರುತ್ತಿದ್ದವನು ಆ ಕ್ಷಣದಿಂದ ತನ್ನ ಕೈಯಿಂದ ತಾನು ನೀರು ಕುಡಿಯಲಾರದ ಸ್ಥಿತಿಗೆ ಬರಬಹುದು. ಪೆಟ್ಟು ಇನ್ನೂ ಮೇಲಾದರೆ ಉಸಿರೇ ನಿಲ್ಲಬಹುದು. ಮೂಳೆ ಮುರಿದರೂ ಹುರಿ ಇನ್ನೂ ಕ್ಷೇಮವಾಗಿರುವ ಗಾಯಾಳು ಕೆಲವೊಮ್ಮೆ ತಾನೇ ನಡೆದುಕೊಂಡು ಆಸ್ಪತ್ರೆಗೆ ಬರುವುದೂ ಉಂಟು. ಅವನನ್ನು ಗುರುತಿಸಿ ಕತ್ತನ್ನು ಸ್ಥಿರಪಡಿಸಿದರೆ ಅವನ ಮುಂದಿನ ಬಾಳು ಉಳಿಯುತ್ತದೆ. ಗುರುತಿಸದೆ ಕಳುಹಿಸಿದರೆ ಆ ಬಾಳನ್ನು ಕಳೆದವರು ನಾವೇ ಆಗುತ್ತೇವೆ.

ಬಿದ್ದು ಸಾಯುವ ಭಯವು ಈ ಸೀಮೆಗೆ ಹೊಸತಲ್ಲ. ಶಿವಾಜಿಯ ತಂದೆಯಾದ ಶಹಾಜಿಯು 1664ರಲ್ಲಿ ಬೇಟೆಗೆ ಹೋಗಿ, ಕುದುರೆಯಿಂದ ಬಿದ್ದು ಪ್ರಾಣಬಿಟ್ಟುದು ಇದೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಅವನ ಸಮಾಧಿ ಅಲ್ಲಿ ಈಗಲೂ ಇದೆ. ಅಂದು ರಾಜಪುರುಷನಿಗೂ ಇಲ್ಲದಿದ್ದ ಸೌಲಭ್ಯ ಇಂದು ಕೂಲಿಯವನಿಗೂ ದಕ್ಕಬಹುದಾಗಿದೆ. ರಾಂಟ್‌ಗೆನ್ 1895ರಲ್ಲಿ ಕ್ಷಕಿರಣವನ್ನು ಕಂಡುಹಿಡಿದನು. 1971ರಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯ ಪರೀಕ್ಷೆ ನಡೆಯಿತು. ಒಳಗಿನ ಮೂಳೆಯನ್ನು ಚರ್ಮ ಸೀಳದೆ ಕಾಣುವ ವಿದ್ಯೆ ನಮಗೆ ಲಭಿಸಿದೆ. ಯಾರಲ್ಲಿ ಅದನ್ನು ಕಾಣಬೇಕೆಂಬ ವಿವೇಚನೆ ಮಾತ್ರ ಆ ವಿದ್ಯೆಯಷ್ಟು ದೂರ ನಮ್ಮಲ್ಲಿ ಹಬ್ಬಿಲ್ಲ.

ಎಲ್ಲರಿಗೂ ತೆಗೆಯಿಸಿಬಿಟ್ಟರೆ ಆಗದೆ ಎಂದು ಕೇಳುವವರುಂಟು. ಕೇಳುವುದು ಸಹಜ, ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ದೊರೆಯುವುದು ಎಕ್ಸ್-ರೇ, ಸಿ.ಟಿ. ಬೇಕೆಂದರೆ ಬಹುಮಟ್ಟಿಗೆ ದಾವಣಗೆರೆಗೊ ಶಿವಮೊಗ್ಗಕ್ಕೊ ಹೋಗಬೇಕು. ಕತ್ತಲಗೆರೆಯ ಕೂಲಿಯವನಿಗೆ ಆ ಪ್ರಯಾಣವೆಂದರೆ ವಾಹನದ ಬಾಡಿಗೆ, ಜೊತೆಗೆ ಹೋದವರ ದಿನಗೂಲಿಯ ನಷ್ಟ, ಊರಿನಲ್ಲಿ ಮೇವಿಲ್ಲದೆ ನಿಂತ ದನ, ಕೈಸಾಲ. ರಸ್ತೆಯ ಗಾಯಾಳುಗಳ ಮೊದಲ 48 ಗಂಟೆಗಳ ಚಿಕಿತ್ಸೆಗೆಂದು 2016ರಲ್ಲಿ ರಾಜ್ಯ ಸರ್ಕಾರ ರೂಪಿಸಿದ ಸಾಂತ್ವನ ಹರೀಶ್ ಯೋಜನೆಯಂಥವು ಸ್ತುತ್ಯವೇ. ಆದರೆ ಅವು ರಸ್ತೆಯಲ್ಲಿ ಬಿದ್ದವನನ್ನು ನೆನೆದು ಮಾಡಿದುವು, ಮರದಿಂದ ಬಿದ್ದವನನ್ನು ನೆನೆದಲ್ಲ. ಇದಲ್ಲದೆ ಸಿ.ಟಿ.ಯ ಕಿರಣವು ಕತ್ತಿನಲ್ಲಿಯೇ ಇರುವ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುತ್ತದೆ. ಎಳೆಯರಲ್ಲಿ ಇದನ್ನು ಲಘುವಾಗಿ ಎಣಿಸಲಾಗದು. ಚಿತ್ರದ ಸರದಿಗಾಗಿ ಕೊರಳಪಟ್ಟಿ ಬಿಗಿದು ಗಂಟೆಗಟ್ಟಲೆ ಅಂಗಾತ ಮಲಗಿಸಿದ ವೃದ್ಧರಿಗೆ ಬೆನ್ನಿನಲ್ಲಿ ಒತ್ತುಹುಣ್ಣು ಏಳಬಹುದು, ಉಸಿರಾಟ ಕಷ್ಟವಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಬೇಡದವರು ಸರದಿಯಲ್ಲಿ ನಿಂತಾಗ ಬೇಕಾದವನು ಹಿಂದೆ ಬೀಳುತ್ತಾನೆ.

ಹಾಗೆಂದು ಮುಟ್ಟಿ ನೋಡಿ, ಏನೂ ಇಲ್ಲ ಎಂದು ಕಳುಹಿಸಿಬಿಡುವುದು ಇದಕ್ಕಿಂತಲೂ ದೊಡ್ಡ ತಪ್ಪು. ಈ ಎರಡು ತಪ್ಪುಗಳ ನಡುವೆ ದಾರಿಯುಂಟೆ ಎಂಬುದನ್ನು ಅರಸಿದವರು ಅಮೆರಿಕದ ಮತ್ತು ಕೆನಡಾದ ತುರ್ತು ವೈದ್ಯರು. 2000ದಲ್ಲಿ ಪ್ರಕಟವಾದ ನೆಕ್ಸಸ್ ಎಂಬ ಅಮೆರಿಕದ ಅಧ್ಯಯನವು 21 ಆಸ್ಪತ್ರೆಗಳ 34,069 ಗಾಯಾಳುಗಳನ್ನು ಪರಿಶೀಲಿಸಿತು. ಅವರಲ್ಲಿ ಕತ್ತಿನ ಮೂಳೆಗೆ ಪೆಟ್ಟಾಗಿದ್ದವರು 818 ಮಂದಿ. ಕತ್ತಿನ ಹಿಂಭಾಗದ ನಡುಗೆರೆಯನ್ನು ಒತ್ತಿದಾಗ ನೋವಿಲ್ಲ, ಕುಡಿದ ಅಮಲಿಲ್ಲ, ಎಚ್ಚರ ಸ್ಪಷ್ಟವಾಗಿದೆ, ಕೈಕಾಲುಗಳಲ್ಲಿ ನರದ ದೌರ್ಬಲ್ಯವಿಲ್ಲ, ಮನಸ್ಸನ್ನೆಲ್ಲ ತನ್ನ ಕಡೆಗೆ ಸೆಳೆಯುವಷ್ಟು ನೋವಿನ ಮತ್ತೊಂದು ಗಾಯವಿಲ್ಲ, ಈ ಐದೂ ಕೂಡಿದ್ದರೆ ಚಿತ್ರ ಬೇಡ ಎಂಬುದು ಅದರ ವಿಧಿ. ಆ 818 ಮಂದಿಯಲ್ಲಿ ಈ ವಿಧಿಯ ಕಣ್ಣಿಗೆ ಬೀಳದೆ ತಪ್ಪಿದವರು ಎಂಟು ಮಂದಿ. ಅವರಲ್ಲಿಯೂ ಗಣನೀಯವಾದ ಪೆಟ್ಟಿದ್ದವರು ಇಬ್ಬರೇ.

ಮರುವರ್ಷ ಕೆನಡಾದಲ್ಲಿ ಡಾಕ್ಟರ್ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 8,924 ಗಾಯಾಳುಗಳ ಆಧಾರದ ಮೇಲೆ ಮತ್ತೊಂದು ವಿಧಿಯನ್ನು ರಚಿಸಿದರು. ಎಚ್ಚರವಾಗಿರುವ, ಸ್ಥಿತಿ ಸ್ಥಿರವಾಗಿರುವ ವಯಸ್ಕರಿಗಾಗಿ ಮಾಡಿದ ಈ ವಿಧಿ ಮೂರು ಮೆಟ್ಟಿಲಲ್ಲಿ ಸಾಗುತ್ತದೆ. ವಯಸ್ಸು 65 ಅಥವಾ ಅದಕ್ಕೆ ಮೇಲ್ಪಟ್ಟಿದೆಯೆ, ಅಪಘಾತದ ಬಗೆ ಅಪಾಯಕರವಾದುದೆ, ಕೈಕಾಲುಗಳಲ್ಲಿ ಜುಮುಜುಮು ಇದೆಯೆ, ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಚಿತ್ರ ತೆಗೆಯಿಸಬೇಕು. ಇಲ್ಲವಾದರೆ ಎರಡನೆಯ ಮೆಟ್ಟಿಲು: ಹಿಂದಿನಿಂದ ಬಂದ ವಾಹನದ ಸಾಧಾರಣ ಡಿಕ್ಕಿಯೆ, ರೋಗಿ ಎದ್ದು ಕುಳಿತಿರುವನೆ, ಪೆಟ್ಟಾದ ಮೇಲೆ ಯಾವಾಗಲಾದರೂ ನಡೆದಾಡಿದನೆ, ಕತ್ತಿನ ನೋವು ತಡವಾಗಿ ಕಾಣಿಸಿಕೊಂಡಿತೆ, ನಡುಗೆರೆಯಲ್ಲಿ ಒತ್ತಿದರೆ ನೋವಿಲ್ಲವೆ? ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಮೂರನೆಯ ಮೆಟ್ಟಿಲಿಗೆ ಹೋಗಿ, ರೋಗಿಯು ತಾನಾಗಿಯೇ ತಲೆಯನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿಯಷ್ಟು ತಿರುಗಿಸಬಲ್ಲನೆ ಎಂದು ನೋಡಬೇಕು. ತಿರುಗಿಸಿದನಾದರೆ ಚಿತ್ರ ಬೇಡ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎರಡು ವಿಧಿಗಳನ್ನು ಕೆನಡಾದ ಆಸ್ಪತ್ರೆಗಳಲ್ಲಿ ಅಕ್ಕಪಕ್ಕದಲ್ಲಿಟ್ಟು ತೂಗಿದಾಗ, ಗಂಭೀರ ಪೆಟ್ಟುಗಳನ್ನು ಹಿಡಿಯುವಲ್ಲಿ ಕೆನಡಾದ ವಿಧಿಯು ನೂರಕ್ಕೆ 99.4ರಷ್ಟೂ ನೆಕ್ಸಸ್ ವಿಧಿಯು 90.7ರಷ್ಟೂ ಸಫಲವಾದುವು.

ಈ ವಿಧಿಗಳನ್ನು ನಮ್ಮ ತೋಟದ ನೆರಳಿಗೆ ತಂದು ನೋಡೋಣ. ಕೆನಡಾದ ವಿಧಿಯ ಪ್ರಕಾರ ಮೂರು ಅಡಿಯ ಎತ್ತರದಿಂದಲೊ ಐದು ಮೆಟ್ಟಿಲಿನಿಂದಲೊ ಬಿದ್ದರೆ ಅದು ಅಪಾಯಕರ. ಹೀಗಿರುವಾಗ ಅಡಿಕೆಯ ಮರದಿಂದ ಬಿದ್ದವನ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಅವನು ಎದ್ದು ಕುಳಿತು ಬೀಡಿ ಕೇಳಿದರೂ, ಕತ್ತು ನೋಯುತ್ತಿಲ್ಲವೆಂದು ಆಣೆಯಿಟ್ಟರೂ, ಚಿತ್ರವಾಗಲೇಬೇಕು. ನೆತ್ತಿಯ ಮೇಲಿನಿಂದ ಕತ್ತಿನ ನೇರಕ್ಕೆ ಇಳಿಯುವ ಭಾರವನ್ನೂ ಈ ವಿಧಿ ಅಪಾಯಕರವೆಂದೇ ಎಣಿಸುತ್ತದೆ. ನೀರಿಗೆ ತಲೆಕೆಳಗಾಗಿ ಧುಮುಕುವುದು ಅದಕ್ಕೆ ಪ್ರಸಿದ್ಧ ನಿದರ್ಶನ. ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ನಾಲೆಯಲ್ಲಿ ನಿನ್ನೆ ಆಳವಿದ್ದ ಸ್ಥಳ ಇಂದು ಮೊಳಕಾಲಿನಷ್ಟಿರಬಹುದು. ತಲೆಯ ಮೇಲೆ ಗೊನೆ ಬೀಳುವುದೂ, ಮೂಟೆ ಹೊತ್ತ ಹಮಾಲಿಯು ಜಾರಿ ಆ ಮೂಟೆಯ ಸಮೇತ ಕುಸಿಯುವುದೂ ಇದೇ ವರ್ಗಕ್ಕೆ ಸೇರತಕ್ಕವೆಂದು ನನ್ನ ಭಾವನೆ. ವಾಹನ ಮಗುಚುವುದು, ವಾಹನದಿಂದ ಹೊರಗೆ ಎಸೆಯಲ್ಪಡುವುದು ಅದೇ ಪಟ್ಟಿಯಲ್ಲಿ ಸ್ಪಷ್ಟವಾಗಿ ಇರುವುದರಿಂದ, ಜಗಳೂರಿನ ಕಡೆ ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದ ಕೂಲಿಯವಳನ್ನು ಕೈಯ ಗಾಯಕ್ಕೆ ಹೊಲಿಗೆ ಹಾಕಿ ಮನೆಗೆ ಕಳುಹಿಸುವುದು ಸಲ್ಲದು.

ಮುಪ್ಪಿನ ವಿಷಯದಲ್ಲಿ ನಮ್ಮ ಜನರ ಕಲ್ಪನೆ ತಲೆಕೆಳಗಾಗಿದೆ. ಎತ್ತರದಿಂದ ಬಿದ್ದರೆ ಮಾತ್ರ ಕತ್ತು ಮುರಿಯುವುದೆಂದು ನಾವು ತಿಳಿದಿದ್ದೇವೆ. ಆದರೆ ಸವೆದ ಮೂಳೆಯುಳ್ಳ ವೃದ್ಧೆಯೊಬ್ಬಳು ಬಚ್ಚಲಲ್ಲಿ ಜಾರಿ ಹಣೆ ಬಡಿದುಕೊಂಡರೂ, ಕೊಟ್ಟಿಗೆಯಲ್ಲಿ ಹಸು ನೂಕಿ ಮುಖ ಅಡಿಯಾಗಿ ಬಿದ್ದರೂ ಎರಡನೆಯ ಮಣಿಯ ಮೊನೆ ಮುರಿಯಬಹುದು, ಅಥವಾ ಮೂಳೆ ಮುರಿಯದೆಯೇ ಕಿರಿದಾದ ಕಾಲುವೆಯಲ್ಲಿ ಹುರಿ ನಜ್ಜುಗೊಂಡು ಕಾಲುಗಳಿಗಿಂತ ಕೈಗಳೇ ಹೆಚ್ಚಾಗಿ ಸೋಲಬಹುದು. ಹುಟ್ಟಿದ ವರ್ಷವನ್ನು ಬರಗಾಲದ ಲೆಕ್ಕದಲ್ಲಿಯೊ ಜಾತ್ರೆಯ ಲೆಕ್ಕದಲ್ಲಿಯೊ ಹೇಳುವ ಹಿರಿಯರಲ್ಲಿ, ವಯಸ್ಸು 65 ಆಗಿದೆಯೊ ಇಲ್ಲವೊ ಎಂಬ ಸಂದೇಹವಿದ್ದರೆ ಆಗಿದೆಯೆಂದೇ ಎಣಿಸುವುದು ವಿಹಿತ.

ಅಮಲಿನ ವಿಷಯ ಇನ್ನೂ ಸೂಕ್ಷ್ಮವಾದುದು. ಕುಡಿದು ಬಿದ್ದವನನ್ನು ಕುಡುಕನೆಂದು ಆಸ್ಪತ್ರೆಯ ಜಗಲಿಯ ಮೇಲೆ ಮಲಗಲು ಬಿಡುವ ಪದ್ಧತಿಯನ್ನು ಕಂಡವರು ಅನೇಕರು. ನೆಕ್ಸಸ್ ವಿಧಿಯಾದರೋ ಇದಕ್ಕೆ ನೇರ ವಿರುದ್ಧವಾದುದನ್ನು ಹೇಳುತ್ತದೆ: ಅಮಲಿನಲ್ಲಿ ನೋವು ಮರೆಯಾಗುವುದರಿಂದ, ಅವನು ನೋವಿಲ್ಲವೆಂದುದನ್ನು ನಂಬಿ ಕತ್ತು ಕ್ಷೇಮವೆಂದು ಹೇಳಲಾಗದು. ಯಾರ ಮಾತಿಗೆ ಸಮಾಜವು ಬೆಲೆ ಕೊಡುವುದಿಲ್ಲವೊ ಅವನ ಕತ್ತಿಗೇ ಹೆಚ್ಚಿನ ಎಚ್ಚರಿಕೆ ಸಲ್ಲಬೇಕು. ತೊಡೆಯ ಮೂಳೆ ಮುರಿದು ಚೀರುತ್ತಿರುವವನದೂ ಅದೇ ಗತಿ. ಕಾಲಿನ ನೋವು ಕತ್ತಿನ ನೋವನ್ನು ಅವನಿಗೇ ತಿಳಿಯಗೊಡುವುದಿಲ್ಲ.

ಭಾಷೆಯ ಪ್ರಶ್ನೆಯೂ ಇದರಲ್ಲಿ ಅಡಗಿದೆ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾದ ಸೂರಗೊಂಡನಕೊಪ್ಪವು ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಈ ಭಾಗದ ತಾಂಡಾಗಳಿಂದ ಕೂಲಿಗೆ ಬರುವವರ ಮನೆಮಾತು ಲಂಬಾಣಿ. ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲವೆಂಬುದು ಎಚ್ಚರ ತಪ್ಪಿದ್ದಕ್ಕೆ ಸಾಕ್ಷಿಯಲ್ಲ. ತಲೆಯಾಡಿಸಿದನೆಂಬುದು ಪ್ರಶ್ನೆ ಅರ್ಥವಾಯಿತೆಂಬುದಕ್ಕೂ ಸಾಕ್ಷಿಯಲ್ಲ. ಆದುದರಿಂದ ಆ ಪ್ರಶ್ನೆಗಳನ್ನು ಪುಸ್ತಕದ ಮಾತಿನಲ್ಲಿ ಬರೆದಿಟ್ಟರೆ ಸಾಲದು. “ಅಜ್ಜಾರೆ, ಕೈಬೆರಳು ಜುಮ್ ಅಂತಾವಾ?” ಎಂದು ಮನೆಯವರಂತೆ ಕೇಳಬಲ್ಲ ದಾದಿಯೂ, ಅದನ್ನೇ ಲಂಬಾಣಿಯಲ್ಲಿ ಕೇಳಬಲ್ಲ ಸಹಾಯಕನೂ ಆ ಕೋಣೆಯಲ್ಲಿ ಇರಬೇಕು.

ಆದರೆ ಹೊರನಾಡಿನಲ್ಲಿ ಹುಟ್ಟಿದ ವಿಧಿಯನ್ನು ಕಣ್ಣುಮುಚ್ಚಿ ಒಪ್ಪಬೇಕೆಂದು ನಾನು ಹೇಳಲಾರೆ. ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದ ಡಿಕ್ಕಿಯನ್ನು ಅಪಾಯಕರವೆನ್ನುವ ಪಟ್ಟಿಯು ಹೆದ್ದಾರಿಯ ಕಾರುಗಳ ನಾಡಿನಲ್ಲಿ ರಚಿತವಾದುದು. ಮೂವರನ್ನು ಹೊತ್ತ ಬೈಕು ಕತ್ತಲಲ್ಲಿ, ಹಿಂದೀಪವಿಲ್ಲದೆ ನಿಂತ ಕಬ್ಬಿನ ಗಾಡಿಗೆ ಬಡಿಯುವುದನ್ನು ಕಂಡು ಬರೆದುದಲ್ಲ. ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೇರೆಡೆಯಿಂದ ಬಂದ ತಳಿಯನ್ನು ಇಲ್ಲಿಯ ಮಣ್ಣಿನಲ್ಲಿ, ಇಲ್ಲಿಯ ನೀರಿನಲ್ಲಿ ಬೆಳೆದು ನೋಡಿದ ಮೇಲೆಯೇ ರೈತರಿಗೆ ಶಿಫಾರಸು ಮಾಡುವುದು ಹೇಗೆ ಧರ್ಮವೊ, ಈ ವಿಧಿಗಳನ್ನು ನಮ್ಮ ಗಾಯಾಳುಗಳಲ್ಲಿ ಒರೆಹಚ್ಚುವುದೂ ಹಾಗೆಯೇ ಧರ್ಮ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, 1965ರಿಂದ ನಡೆದುಬಂದಿರುವ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ, ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಿಂದ ಕತ್ತಿಗೆ ಪೆಟ್ಟಾಗಿ ಬಂದ ಪ್ರತಿಯೊಬ್ಬನ ಉತ್ತರಗಳನ್ನು ಒಂದೇ ನಮೂನೆಯ ಹಾಳೆಯಲ್ಲಿ ಬರೆದು, ಚಿತ್ರದಲ್ಲಿ ಕಂಡುದನ್ನೂ ಮುಂದೆ ಅವನ ಗತಿ ಏನಾಯಿತೆಂಬುದನ್ನೂ ಅದರ ಪಕ್ಕದಲ್ಲಿ ದಾಖಲಿಸುತ್ತ ಹೋದರೆ, ಅಡಿಕೆಯ ನಾಡಿಗೆ ತಕ್ಕ ವಿಧಿ ಯಾವುದೆಂಬುದು ಕೆಲವು ವರ್ಷಗಳಲ್ಲಿ ತಾನಾಗಿಯೇ ನಿಚ್ಚಳವಾಗುವುದು. ಇದಕ್ಕೆ ಹೊಸ ಯಂತ್ರ ಬೇಡ. ಕಾಗದ, ಶ್ರದ್ಧೆ, ಮತ್ತು ಒಬ್ಬರು ಬರೆದುದನ್ನು ಇನ್ನೊಬ್ಬರು ಓದುವ ಏರ್ಪಾಡು ಬೇಕು.

ಚಿತ್ರ ತೆಗೆದುದಾಯಿತೆಂದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದೂ ಭಾವಿಸಬಾರದು. ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಏಳು ಮಣಿಗಳೂ, ಅವುಗಳ ಕೆಳಗಿನ ಎದೆಯ ಮೊದಲ ಮಣಿಯ ಮೇಲಂಚೂ ಕಾಣಿಸಬೇಕು. ದುಡಿದು ಗಟ್ಟಿಯಾದ ಭುಜಗಳು ಕೆಳಗಿನ ಮಣಿಗಳನ್ನು ಮರೆಮಾಡುವುದು ಸಾಮಾನ್ಯ. ಆರು ಮಣಿ ಕಂಡ ಚಿತ್ರವನ್ನು ನಿರ್ದೋಷವೆಂದು ಬರೆಯುವುದು, ಏಳನೆಯದರ ವಿಷಯದಲ್ಲಿ ಸುಳ್ಳು ಹೇಳಿದಂತೆ. ವಿಧಿಯು ಅಪಾಯವನ್ನು ಸೂಚಿಸಿದ ವಯಸ್ಕರಲ್ಲಿ ಇಂದು ಸಿ.ಟಿ.ಯೇ ಶ್ರೇಷ್ಠವೆಂದು ವೈದ್ಯರು ಒಪ್ಪಿದ್ದಾರೆ. ಆದುದರಿಂದ ತಾಲ್ಲೂಕಿನ ವೈದ್ಯನು ಅಂಥವನನ್ನು ಕತ್ತು ಅಲುಗದಂತೆ ಕಾಪಾಡಿ ಜಿಲ್ಲೆಗೆ ಕಳುಹಿಸಬೇಕು. ಉಳಿದವರನ್ನು ನಿರ್ಭಯವಾಗಿ ಮನೆಗೆ ಕಳುಹಿಸಬೇಕು.

ನಿರ್ಭಯವಾಗಿ ಎಂದೆ, ಏಕೆಂದರೆ ಭಯವೇ ಇಂದು ಅನೇಕ ಚಿತ್ರಗಳಿಗೆ ಕಾರಣ. ವೈದ್ಯಕೀಯ ಸೇವೆಯೂ ಗ್ರಾಹಕ ರಕ್ಷಣಾ ಕಾನೂನಿಗೆ ಒಳಪಡುವುದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತುದು ನ್ಯಾಯವಾದುದೇ. ಆದರೆ ಅಂದಿನಿಂದ ಎಲ್ಲರಿಗೂ ಎಲ್ಲ ಪರೀಕ್ಷೆಯನ್ನೂ ಬರೆದುಕೊಡುವುದೇ ಆತ್ಮರಕ್ಷಣೆಯೆಂಬ ಭ್ರಮೆಯೊಂದು ಹಬ್ಬಿತು. ನಡುರಾತ್ರಿಯಲ್ಲಿ ಒಂಟಿಯಾಗಿ ಕರ್ತವ್ಯದಲ್ಲಿರುವ ತರುಣ ವೈದ್ಯನನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ. ಇಲಾಖೆಯೇ ಒಪ್ಪಿದ, ಗೋಡೆಯ ಮೇಲೆ ತೂಗುಹಾಕಿದ, ಪ್ರತಿ ಪ್ರಶ್ನೆಗೂ ಉತ್ತರವನ್ನು ರೋಗಿಯ ಚೀಟಿಯಲ್ಲಿ ಬರೆಯಿಸುವ ವಿಧಿಯೊಂದಿದ್ದರೆ, ಚಿತ್ರ ಬೇಡವೆಂದ ಅವನ ತೀರ್ಮಾನವು ಅವನೊಬ್ಬನದಾಗಿ ಉಳಿಯುವುದಿಲ್ಲ. ಅದರ ಬೆನ್ನಿಗೆ ಸಾವಿರಾರು ಗಾಯಾಳುಗಳ ಪರೀಕ್ಷಿತ ಅನುಭವ ನಿಲ್ಲುತ್ತದೆ. ಕೆನಡಾದ 12 ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ತೋರಿಸಿಕೊಟ್ಟಿತು: ಕೆನಡಾದ ವಿಧಿಯನ್ನು ಶ್ರದ್ಧೆಯಿಂದ ಜಾರಿಗೆ ತಂದ ಕಡೆ ಚಿತ್ರ ತೆಗೆಯಿಸಿಕೊಂಡವರ ಪ್ರಮಾಣ ನೂರಕ್ಕೆ 61.7ರಿಂದ 53.3ಕ್ಕೆ ಇಳಿಯಿತು, ತಾರದ ಕಡೆ 52.8ರಿಂದ 58.9ಕ್ಕೆ ಏರಿತು. ಮರುವರ್ಷದ ಅಧ್ಯಯನವೊಂದು ತರಬೇತಿ ಪಡೆದ ದಾದಿಯರೂ ಈ ವಿಧಿಯನ್ನು ಸುರಕ್ಷಿತವಾಗಿ ಅನ್ವಯಿಸಬಲ್ಲರೆಂದು ಕಂಡುಕೊಂಡಿತು. ವೈದ್ಯರ ಕೊರತೆಯಿರುವ ನಮ್ಮ ತಾಲ್ಲೂಕುಗಳಿಗೆ ಇದಕ್ಕಿಂತ ಉಪಯುಕ್ತವಾದ ವಾರ್ತೆ ಬೇರಿಲ್ಲ.

ಆಸ್ಪತ್ರೆಗೆ ಮುಂಚೆ ಊರಿನವರ ಪಾತ್ರವೂ ಉಂಟು, ಅದು ಚಿಕ್ಕದಲ್ಲ. ಮರದಡಿಯಲ್ಲಿ ಬಿದ್ದವನನ್ನು ತೋಳು ಹಿಡಿದು ಎಬ್ಬಿಸಿ ಕೂರಿಸುವುದು, ನೀರು ಕುಡಿಸಲು ತಲೆ ಎತ್ತುವುದು, ಬೈಕಿನ ಮೇಲೆ ಇಬ್ಬರ ನಡುವೆ ಕುಳ್ಳಿರಿಸಿಕೊಂಡು ಓಡುವುದು, ಇವೆಲ್ಲ ಪ್ರೀತಿಯಿಂದ ಮಾಡುವ ಕೆಲಸಗಳೇ. ಆದರೂ ಮುರಿದ ಮಣಿಯ ಪಾಲಿಗೆ ಇವು ಘಾತಕ. ಕತ್ತು ಉಳುಕಿದೆಯೆಂದು ಎಣ್ಣೆ ಹಚ್ಚಿ ನೀವಿಸುವುದು, ನೆಟಿಕೆ ಮುರಿಸುವುದು ಇನ್ನೂ ಘೋರ. ಬಿದ್ದವನನ್ನು ಬಿದ್ದಲ್ಲಿಯೇ ಅಲುಗದಂತೆ ಮಲಗಿಸಿ, ಒಬ್ಬರು ತಲೆಯನ್ನು ಎರಡು ಕೈಗಳಿಂದ ನೇರವಾಗಿ ಹಿಡಿದು, 108ಕ್ಕೆ ಕರೆ ಮಾಡಬೇಕು. ಅನಿವಾರ್ಯವಾಗಿ ಎತ್ತಬೇಕಾದರೆ ತಲೆ, ಭುಜ, ಸೊಂಟ ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಒಟ್ಟಾಗಿ ಎತ್ತಬೇಕು. 2008ರ ನವೆಂಬರಿನಿಂದ ಕರ್ನಾಟಕದಲ್ಲಿ ಓಡುತ್ತಿರುವ 108ರ ವಾಹನಗಳ ಸಿಬ್ಬಂದಿಯು ದಾರಿಯಲ್ಲಿಯೇ ಈ ಪ್ರಶ್ನೆಗಳನ್ನು ಕೇಳಿ ಬರೆದುಕೊಂಡು ಬಂದರೆ, ಆಸ್ಪತ್ರೆಯ ಅರ್ಧ ಕೆಲಸ ಹಾದಿಯಲ್ಲಿಯೇ ಮುಗಿಯುವುದು.

ಆದುದರಿಂದ ಜಿಲ್ಲಾಡಳಿತವನ್ನೂ ಆರೋಗ್ಯ ಇಲಾಖೆಯನ್ನೂ ನಾನು ಬೇಡುವುದು ಇಷ್ಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಆಸ್ಪತ್ರೆಗಳಲ್ಲಿ ಮುಂದಿನ ಕೊಯ್ಲು ಮೊದಲಾಗುವುದರೊಳಗೆ, ಕತ್ತಿನ ಚಿತ್ರ ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ತೂಗುಹಾಕಬೇಕು. ದಾದಿಯರಿಗೂ 108ರ ಸಿಬ್ಬಂದಿಗೂ ಅದರಲ್ಲಿ ಶಿಕ್ಷಣ ಕೊಡಬೇಕು, ಮರೆತವರಿಗೆ ಮತ್ತೆ ಕೊಡಬೇಕು. ಉತ್ತರಗಳ ದಾಖಲೆಯನ್ನು ವರ್ಷಕ್ಕೊಮ್ಮೆ ವೈದ್ಯಕೀಯ ಕಾಲೇಜುಗಳ ಮುಂದಿಟ್ಟು ವಿಧಿಯನ್ನು ತಿದ್ದಬೇಕು. ವಿಧಿಯು ಚಿತ್ರ ಬೇಕೆಂದ ಬಡವನಿಗೆ, ಅವನು ಬಿದ್ದುದು ರಸ್ತೆಯಲ್ಲಾಗಲಿ ಮರದಿಂದಾಗಲಿ, ಜಿಲ್ಲೆಯ ಸಿ.ಟಿ.ಯವರೆಗಿನ ಪ್ರಯಾಣವೂ ಪರೀಕ್ಷೆಯೂ ಉಚಿತವಾಗಬೇಕು. ಬೇಡದವರನ್ನು ಕಳುಹಿಸದೆ ಉಳಿಯುವ ಹಣದಿಂದ ಬೇಕಾದವರನ್ನು ಕಳುಹಿಸುವ ವೆಚ್ಚದ ಬಹುಪಾಲು ತುಂಬಬಹುದು. ನಮ್ಮ ಮನೆಗಳಲ್ಲಿ ತಾಂಬೂಲಕ್ಕೆ ಕೂಡುವ ಅಡಿಕೆಗೆ ತನ್ನ ದೇಹವನ್ನು ಪಣವಾಗಿ ಒಡ್ಡುವವನಿಗೆ ಸಮಾಜವು ಸಲ್ಲಿಸಬೇಕಾದ ಋಣ ಇದು. ಇದನ್ನು ದಯೆಯೆಂದು ಕರೆಯಲಾಗದು.